ತವರಿನಿಂದ ಹೊರಡುವ ಕೂಸು



ನಮ್ಮ ಹಾಸನದ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ವಾಡಿಕೆ. ಚನ್ನರಾಯಪಟ್ಟಣದ ಕಡೆಗೆ ಕೊಟ್ಟ ಮಗಳು ಅರಕಲಗೂಡಿನ ತವರಿಗೆ ಬರುತ್ತಾಳೆ. ಹೊಳೆನರಸೀಪುರದ ಸೊಸೆ ಹಾಸನದಲ್ಲಿರುವ ತಾಯಿಯ ಮನೆಗೆ ಹೋಗುತ್ತಾಳೆ. ಬಾಣಂತಿತನ ಕಳೆದು, ಮೂರನೆಯ ಇಲ್ಲವೆ ಐದನೆಯ ತಿಂಗಳಲ್ಲಿ, ಒಳ್ಳೆಯ ದಿನ ನೋಡಿ, ಮಡಿಲು ತುಂಬಿ ತಾಯಿಮಗುವನ್ನು ಕಳುಹಿಸಿಕೊಡುತ್ತಾರೆ. ಈ ಸೊಗಸಾದ ಪದ್ಧತಿಯಲ್ಲಿ ಯಾರ ಕಣ್ಣಿಗೂ ಬೀಳದ ಅಪಾಯವೊಂದು ಅಡಗಿರುವುದು. ಅದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಅರಿಕೆ ಮಾಡುತ್ತೇನೆ.

ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳನ್ನು ತಡೆಯತಕ್ಕ ಲಸಿಕೆಯನ್ನು ಶಿಶುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಮೂರು ಸಲ ಹಾಕಿಸಬೇಕು. ಮೊದಲಿನ ಎರಡು ಸಲ ಕೂಸು ತವರಿನಲ್ಲಿರುತ್ತದೆ. ಅಜ್ಜಿಯೇ ಎತ್ತಿಕೊಂಡು ಹೋಗಿ ಹಾಕಿಸಿಕೊಂಡು ಬರುತ್ತಾಳೆ. 14ನೆಯ ವಾರವೆಂದರೆ ಮೂರು ತಿಂಗಳು ತುಂಬಿ ಕೆಲವು ದಿನಗಳಾದ ಕಾಲ. ಎಷ್ಟೋ ಮನೆಗಳಲ್ಲಿ ಪ್ರಯಾಣಕ್ಕೆ ಗೊತ್ತುಮಾಡಿದ ಕಾಲವೂ ಅದೇ. “ಇನ್ನು ಅಲ್ಲಿಯೇ ಹಾಕಿಸಿಕೊಳ್ಳುತ್ತಾರೆ” ಎಂದು ತವರಿನವರು ಸುಮ್ಮನಾಗುತ್ತಾರೆ. “ತವರಿನಲ್ಲಿ ಎಲ್ಲವನ್ನೂ ಹಾಕಿಸಿದ್ದಾರೆ” ಎಂದು ಅತ್ತೆಯ ಮನೆಯವರು ನಂಬುತ್ತಾರೆ. ಎರಡು ಮನೆಗಳ ಪ್ರೀತಿಯ ನಡುವೆ ಮೂರನೆಯ ಲಸಿಕೆ ಬಿಟ್ಟುಹೋಗುತ್ತದೆ.

ಒಂದು ತಪ್ಪಿದರೆ ಏನಾಯಿತೆಂದು ಕೇಳಬಹುದು. ಲಸಿಕೆಯ ಕೆಲಸವನ್ನು ತಿಳಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಗಂಟಲಮಾರಿಯ ಸೂಕ್ಷ್ಮಜೀವಿ ಶಿಶುವಿನ ಗಂಟಲಲ್ಲಿ ನೆಲೆಸಿ ವಿಷವನ್ನು ಸುರಿಸುತ್ತದೆ. ಆ ವಿಷ ಉಸಿರಿನ ದಾರಿಯನ್ನೂ ಹೃದಯವನ್ನೂ ಕೆಡಿಸಬಲ್ಲುದು. ವೈದ್ಯಶಾಸ್ತ್ರಜ್ಞರು ಇದೇ ವಿಷವನ್ನು ತೆಗೆದು, ಅದರ ಕೇಡನ್ನು ನೀಗಿ, ಲಸಿಕೆಯಲ್ಲಿ ಇಟ್ಟಿದ್ದಾರೆ. ಅದು ಹಲ್ಲು ಕಿತ್ತ ಹಾವು. ಕಚ್ಚಲಾರದು, ಆದರೆ ಹಾವಿನ ಗುರುತನ್ನು ಕಲಿಸಬಲ್ಲುದು. ನಮ್ಮ ರಕ್ತದಲ್ಲಿ ಊರ ತಳವಾರನಂತಹ ಕಾವಲುಗಾರರಿದ್ದಾರೆ. ಕಳ್ಳನ ಚಹರೆಯನ್ನು ಒಮ್ಮೆ ತೋರಿಸಿದರೆ ಅವರು ಅರೆಬರೆ ನೆನಪಿಡುತ್ತಾರೆ. ಎರಡನೆಯ ಸಲ ನೆನಪು ಬಲಿಯುತ್ತದೆ. ಮೂರನೆಯ ಸಲಕ್ಕೆ ಅದು ಗಟ್ಟಿಯಾಗುತ್ತದೆ. ಹೀಗೆ ನಿಂತ ನೆನಪು ಮಾಸದಂತೆ ಒಂದೂವರೆ ವರ್ಷದ ಸುಮಾರಿನಲ್ಲಿಯೂ, ಐದಾರು ವರ್ಷದಲ್ಲಿಯೂ ಮತ್ತೆ ಚುಚ್ಚಿಸುವುದು. ತಾಯಿಯಿಂದ ಬಂದ ರಕ್ಷಣೆ ಕೆಲವು ತಿಂಗಳಲ್ಲಿ ಇಳಿದುಹೋಗುವುದರಿಂದ, ಆ ಮೂರನೆಯ ಲಸಿಕೆಗೆ ಬೆಲೆ ಹೆಚ್ಚು.

ಲಸಿಕೆಯ ವಿಷಯ ನಮ್ಮ ನಾಡಿಗೆ ಹೊಸದಲ್ಲ. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. 1802ರಲ್ಲಿ ಅದು ಮುಂಬಯಿಗೆ ಬಂದಿತು. ದಿವಾನ್ ಪೂರ್ಣಯ್ಯನವರ ಕಾಲಕ್ಕೆ ಮೈಸೂರಿನ ಅರಮನೆಯನ್ನೂ ಮುಟ್ಟಿತು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಅರಮನೆಯ ಹೆಣ್ಣುಮಗಳೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಲಸಿಕೆ ಚುಚ್ಚಿಸಿಕೊಂಡ ಸ್ಥಳ ಎಂದು ಇತಿಹಾಸಜ್ಞರೊಬ್ಬರು ಅಭಿಪ್ರಾಯಪಟ್ಟಿದ್ದಾರೆ. ಅನಂತರ ಹಳ್ಳಿಹಳ್ಳಿಗಳಲ್ಲಿ “ದೇವಿ ಹಾಕಿಸುವುದು” ಬಳಕೆಗೆ ಬಂದಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರಲ್ಲಿ ಕಂಡಿತು. 1980ರಲ್ಲಿ ಲೋಕದಿಂದಲೇ ಅದು ತೊಲಗಿತೆಂದು ಸಾರಲಾಯಿತು.

“ಹಾಗಾದರೆ ಈಗ ಕಾಣದ ರೋಗಗಳಿಗೆ ಲಸಿಕೆ ಏಕೆ?” ಎಂಬುದು ಒಂದು ಸಂದೇಹ. ಸಿಡುಬು ನಿರ್ಮೂಲವಾಯಿತು, ಆದುದರಿಂದ ಅದರ ಲಸಿಕೆಯನ್ನು ನಿಲ್ಲಿಸಿದರು. ಗಂಟಲಮಾರಿ, ನಾಯಿಕೆಮ್ಮು, ದಡಾರಗಳು ಹಾಗೆ ತೊಲಗಿಲ್ಲ; ಲಸಿಕೆ ಸಡಿಲಿದೆಡೆಯಲ್ಲಿ ತಲೆಯೆತ್ತುತ್ತವೆ.

“ಚುಚ್ಚಿದ ರಾತ್ರಿ ಮಗುವಿಗೆ ಜ್ವರ ಬಂದಿತು, ಇನ್ನು ಬೇಡ” ಎಂಬುದು ಅಜ್ಜಿಯರ ಮಾತು. ಮಮತೆಯ ಮಾತೇ ಅದು. ಆದರೆ ಆ ಜ್ವರ ಸಾಮಾನ್ಯವಾಗಿ ಕಾವಲುಗಾರರು ಎಚ್ಚತ್ತ ಗುರುತು; ಒಂದೆರಡು ದಿನದಲ್ಲಿ ಇಳಿಯುತ್ತದೆ. ಎದೆಹಾಲು ಕುಡಿಸುತ್ತಿರಿ, ಔಷಧವನ್ನು ದಾದಿಯರು ಹೇಳಿದ ಪ್ರಮಾಣದಲ್ಲಿಯೇ ಕೊಡಿ, ಚುಚ್ಚಿದ ಜಾಗಕ್ಕೆ ಸೊಪ್ಪು, ಎಣ್ಣೆ ಏನನ್ನೂ ಹಚ್ಚಬೇಡಿ. ತೀವ್ರವಾದ ಒಗ್ಗದಿರುವಿಕೆ ಬಹಳ ಅಪರೂಪ. ಅದಕ್ಕಾಗಿಯೇ ಅರ್ಧ ಗಂಟೆ ಅಲ್ಲಿಯೇ ಕುಳಿತಿರಲು ಹೇಳುವುದು. ಮಗುವಿಗೆ ಸೆಳವು ಬಂದರೆ, ಮಂಕಾದರೆ, ಜ್ವರ ಇಳಿಯದಿದ್ದರೆ ಕೂಡಲೆ ವೈದ್ಯರಿಗೆ ತೋರಿಸಿ. ಮುಂದಿನ ಲಸಿಕೆಗೆ ಮುಂಚೆ ಆ ಸಂಗತಿಯನ್ನು ತಪ್ಪದೆ ತಿಳಿಸಿ. ಸಣ್ಣ ನೆಗಡಿ ಕೆಮ್ಮಿಗಾಗಿ ಲಸಿಕೆಯನ್ನು ಮುಂದೂಡಬೇಕಾಗಿಲ್ಲ.

“ದಿನ ಮೀರಿತು, ಇನ್ನು ಪ್ರಯೋಜನವಿಲ್ಲ” ಎಂದು ಕೈಬಿಡುವವರೂ ಉಂಟು. ಮೊದಲಿನಿಂದ ಆರಂಭಿಸಬೇಕಾದ ಅಗತ್ಯವಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ಆದರೆ ತಡಮಾಡಿದಷ್ಟು ದಿನವೂ ಕೂಸು ಅರೆಕಾವಲಿನಲ್ಲಿರುತ್ತದೆ. ಅರಕಲಗೂಡಿನಲ್ಲಿ ಆರಂಭಿಸಿದ್ದನ್ನು ಚನ್ನರಾಯಪಟ್ಟಣದಲ್ಲಿ ಮುಗಿಸಲು ಯಾವ ಅಡ್ಡಿಯೂ ಇಲ್ಲ. ಸರ್ಕಾರದ ಆಸ್ಪತ್ರೆಗಳಲ್ಲಿ ಇದು ಉಚಿತ. ಬೇಕಾದುದು ಒಂದೇ: ಯಾವ ದಿನ ಏನನ್ನು ಹಾಕಿಸಿತೆಂದು ಬರೆದಿರುವ ತಾಯಿ ಕಾರ್ಡು.

ಆದಕಾರಣ ತವರಿನ ತಾಯಂದಿರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಸಾಧ್ಯವಿದ್ದರೆ ಮೂರನೆಯ ಲಸಿಕೆಯನ್ನು ಹಾಕಿಸಿಯೇ ಪ್ರಯಾಣದ ದಿನವನ್ನು ಗೊತ್ತುಮಾಡಿ. ಆಗದಿದ್ದರೆ, ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆಗಳನ್ನು ತುಂಬುವಾಗ ಆ ಕಾರ್ಡನ್ನೂ ಇಡಿ. ಬಾಕಿಯಿರುವ ಲಸಿಕೆಯ ದಿನವನ್ನು ಬೀಗಿತ್ತಿಗೆ ಬಾಯಿಬಿಟ್ಟು ಹೇಳಿ. ಅತ್ತೆಯಂದಿರೇ, ಸೊಸೆ ಹೊಸಿಲು ದಾಟಿ ಬಂದಾಗ ಆರತಿ ಎತ್ತಿ ಕೂಸಿನ ದೃಷ್ಟಿ ತೆಗೆಯುತ್ತೀರಿ. ಆಮೇಲೆ ಕೇಳುವ ಮೊದಲನೆಯ ಮಾತು “ಮೂರನೆಯದು ಆಯಿತೇನಮ್ಮ?” ಎಂಬುದಾಗಿರಲಿ.