ಮಳೆಯ ಲೆಕ್ಕ: ಸರಾಸರಿಯನ್ನು ನಂಬುವ ಮುನ್ನ

(ರೈತ ಯುವಕರು ಹಾಗೂ ವಿದ್ಯಾರ್ಥಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಸಂಖ್ಯಾಶಾಸ್ತ್ರವೆಂದೊಡನೆ ಅದು ಕಾಲೇಜಿನ ಪಾಠ, ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪುನರ್ವಸು ಮಳೆ ಹಿಡಿದರೆ ರಾಗಿ ಬಿತ್ತಬಹುದು ಎಂದು ಹೇಳುವ ಹಿರಿಯ ಬೇಸಾಯಗಾರನು ಮಾಡುತ್ತಿರುವುದು ಅದೇ ಕೆಲಸವನ್ನು. ಹಲವು ವರ್ಷ ಕಂಡದ್ದನ್ನು ಮನಸ್ಸಿನಲ್ಲಿ ಕೂಡಿಟ್ಟು ಮುಂದಿನದನ್ನು ಆತ ಊಹಿಸುತ್ತಾನೆ. ನೆನಪಿಗೆ ಒಂದು ದೋಷವುಂಟು. ಕೆರೆ ಕೋಡಿ ಬಿದ್ದ ವರ್ಷವೂ ಬಾವಿ ಬತ್ತಿದ ವರ್ಷವೂ ನೆನಪಿನಲ್ಲಿ ಉಳಿಯುತ್ತವೆ. ನಡುವಿನ ಸಾಧಾರಣ ವರ್ಷಗಳು ಮರೆತುಹೋಗುತ್ತವೆ. ಬರೆದಿಟ್ಟ ಅಂಕಿಗೆ ಈ ದೋಷವಿಲ್ಲ. ಮಳೆಯಾಶ್ರಿತ ಬೇಸಾಯದಲ್ಲಿ ತಪ್ಪು ಊಹೆಗೆ ತೆರುವ ಬೆಲೆ ಎಂದರೆ ಬೀಜ, ಗೊಬ್ಬರ, ಕೂಲಿ ಮತ್ತು ಅವುಗಳಿಗಾಗಿ ತಂದ ಸಾಲ.

ಅಳತೆಯೇ ಮೊದಲು

ಮಳೆಮಾಪಕವನ್ನು ಮರದ ನೆರಳು, ಗೋಡೆಯ ಮರೆ ಇಲ್ಲದ ಬಯಲಿನಲ್ಲಿ ಇಟ್ಟು, ಪ್ರತಿದಿನ ಬೆಳಿಗ್ಗೆ 8-30 ಗಂಟೆಗೆ ಅಳೆದು ಬರೆಯಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್. ದಿನಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದನ್ನು ಹವಾಮಾನ ಇಲಾಖೆಯು ಮಳೆಯ ದಿನವೆಂದು ಎಣಿಸುತ್ತದೆ.

ಸರಾಸರಿ ಹೇಳದ ಸಂಗತಿ

ಲೆಕ್ಕ ತಿಳಿಯಲು ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳಿ. ಹತ್ತು ವರ್ಷಗಳ ಜುಲೈ ಮಳೆ ಕ್ರಮವಾಗಿ 95, 40, 110, 62, 300, 55, 78, 48, 120 ಮತ್ತು 92 ಮಿ.ಮೀ. ಆಗಿದೆ ಎಂದಿಟ್ಟುಕೊಳ್ಳಿ. ಒಟ್ಟು 1,000, ಸರಾಸರಿ 100 ಮಿ.ಮೀ. ಆದರೆ 100 ಮುಟ್ಟಿದ ವರ್ಷಗಳು ಎಷ್ಟು? ಮೂರು ಮಾತ್ರ. ಅತಿವೃಷ್ಟಿಯ ಒಂದೇ ವರ್ಷದ 300 ಮಿ.ಮೀ. ಮಳೆಯು ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಆ ವರ್ಷದ ನೀರು ಹಳ್ಳ ಸೇರಿತೇ ಹೊರತು ಮರುವರ್ಷದ ಪೈರಿಗೆ ಒದಗಲಿಲ್ಲ.

ಇವೇ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 40, 48, 55, 62, 78, 92, 95, 110, 120, 300 ಎಂದಾಗುತ್ತದೆ. ನಡುವಿನ ಎರಡರ, ಅಂದರೆ 78 ಮತ್ತು 92ರ, ಸರಾಸರಿ 85. ಇದಕ್ಕೆ ಮಧ್ಯಾಂಕವೆಂದು ಹೆಸರು. ವಿಪರೀತದ ಒಂದು ವರ್ಷ ಇದನ್ನು ಅಲುಗಿಸಲಾರದು.

ನಕ್ಷೆ ಬರೆಯುವುದು

ಗ್ರಾಫ್ ಕಾಗದದ ಮೇಲೆ ಅಡ್ಡಗೆರೆಯಲ್ಲಿ ವರ್ಷ, ಲಂಬಗೆರೆಯಲ್ಲಿ ಮಳೆ ಗುರುತಿಸಿ, ವರ್ಷಕ್ಕೊಂದು ಕಂಬ ಬರೆಯಬೇಕು. 100ರ ಮಟ್ಟದಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆದರೆ ಏಳು ಕಂಬಗಳು ಅದರ ಕೆಳಗೇ ನಿಲ್ಲುತ್ತವೆ. ಓದು ಬಾರದವರಿಗೂ ಈ ಚಿತ್ರ ಅರ್ಥವಾಗುತ್ತದೆ.

ಊಹೆ ಎಂದರೆ ಸಂಭವ

ಮುಂದಿನ ಜುಲೈಗೆ ಇಷ್ಟೇ ಮಳೆ ಎಂದು ಈ ಹತ್ತು ಅಂಕಿಗಳು ಹೇಳಲಾರವು. ಆದರೆ 55 ಮಿ.ಮೀ. ಅಥವಾ ಹೆಚ್ಚು ಮಳೆ ಹತ್ತರಲ್ಲಿ ಎಂಟು ವರ್ಷ ಬಂದಿದೆ. ಹತ್ತು ವರ್ಷದ ಪಟ್ಟಿಯಲ್ಲಿ ಆಗಬಹುದಾದದ್ದೆಲ್ಲ ಅಡಗಿರುವುದಿಲ್ಲ. ಇದುವರೆಗೆ ಕಾಣದ ಬರವೂ ಮುಂದೆ ಬರಬಹುದು. ಆದ್ದರಿಂದ ತಜ್ಞರು ಎಂಟನ್ನು ಹತ್ತರ ಬದಲು ಹನ್ನೊಂದರಿಂದ ಭಾಗಿಸಿ, ಸಂಭವ ಶೇಕಡಾ 73 ಎನ್ನುತ್ತಾರೆ. 100 ಮಿ.ಮೀ. ನಂಬಿ ಬಿತ್ತಿದವನು ಹತ್ತರಲ್ಲಿ ಏಳು ವರ್ಷ ಕೊರತೆ ಕಾಣುತ್ತಿದ್ದ. 55ಕ್ಕೆ ಹೊಂದುವಂತೆ ಬೇಸಾಯ ಹೂಡಿದವನು ಎರಡು ವರ್ಷ ಮಾತ್ರ.

ಎರಡನೆಯ ನಕ್ಷೆಯಲ್ಲಿ ಅಡ್ಡಗೆರೆಗೆ ಮಳೆ, ಲಂಬಗೆರೆಗೆ ಎಕರೆ ಇಳುವರಿ ಹಾಕಿ ವರ್ಷಕ್ಕೊಂದು ಚುಕ್ಕೆ ಇಡಬಹುದು. ಒಂದು ಮಿತಿಯವರೆಗೆ ಚುಕ್ಕೆಗಳು ಮೇಲೇರಿ, ಬಳಿಕ ಇಳಿಯಬಹುದು; ನೀರು ನಿಂತರೆ ಬೇರು ಉಸಿರಾಡದು. ಆದುದರಿಂದ ಚುಕ್ಕೆಗಳಿರುವಷ್ಟು ದೂರಕ್ಕೆ ಮಾತ್ರ ಗೆರೆಯನ್ನು ನಂಬಬೇಕು. ಅದನ್ನು ಆಚೆಗೆ ಎಳೆದು ಭವಿಷ್ಯ ನುಡಿಯಬಾರದು.

ದೊಡ್ಡ ಪ್ರಮಾಣದ ಮುನ್ಸೂಚನೆಗೂ ಇದೇ ಮಾತು ಸಲ್ಲುತ್ತದೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಣಿತಜ್ಞ ಗಿಲ್ಬರ್ಟ್ ವಾಕರ್, ದೂರದ ಸಾಗರಗಳ ವಾಯುಭಾರಕ್ಕೂ ಮುಂಗಾರಿಗೂ ಇರುವ ಸಂಬಂಧವನ್ನು ಅಂಕಿಗಳಿಂದಲೇ ಹುಡುಕಿದರು. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಮುಂಗಾರು ಕ್ಷೀಣಿಸುವ ಸಂಭವ ಹೆಚ್ಚು. ಅಂಥ 2009ರಲ್ಲಿ ದೇಶದ ಮುಂಗಾರು ವಾಡಿಕೆಯ ಶೇ. 78 ಮಾತ್ರ, 2015ರಲ್ಲಿ ಶೇ. 86. ಆದರೆ ಪ್ರಬಲ ಎಲ್ ನಿನೊ ಇದ್ದ 1997ರಲ್ಲಿ ಶೇ. 102! ಸಂಬಂಧವಿದೆ ಎಂದ ಮಾತ್ರಕ್ಕೆ ಫಲ ಖಚಿತವಲ್ಲ.

ಹೊಲದಲ್ಲಿ ಉಪಯೋಗ

ಬಿತ್ತನೆ ತಡವಾದರೆ ದೀರ್ಘಾವಧಿ ರಾಗಿ ತಳಿಯ ಆಸೆ ಬಿಟ್ಟು ಜಿ.ಪಿ.ಯು.-28ರಂಥ ಮಧ್ಯಮಾವಧಿ ತಳಿಯನ್ನೂ, ಇನ್ನೂ ತಡವಾದರೆ ಜಿ.ಪಿ.ಯು.-48ರಂಥ ಅಲ್ಪಾವಧಿ ತಳಿಯನ್ನೂ ಆರಿಸುವುದು ಲೇಸು. ಸಾರಜನಕ ಗೊಬ್ಬರದ ಒಂದು ಪಾಲನ್ನು ಉಳಿಸಿಕೊಂಡು, ಮಳೆ ಬಂದು ಹದವಾದ ಮೇಲೆ ಮೇಲುಗೊಬ್ಬರವಾಗಿ ಕೊಟ್ಟರೆ, ಮಳೆ ಕೈಕೊಟ್ಟ ವರ್ಷ ಅಷ್ಟು ಹಣವಾದರೂ ಉಳಿದೀತು. ಇಳಿಜಾರಿಗೆ ಅಡ್ಡಲಾಗಿ ಉತ್ತು ಬದು ಭದ್ರಪಡಿಸಿದರೆ ಬಂದಷ್ಟು ಮಳೆ ಮಣ್ಣಿನಲ್ಲಿ ನಿಲ್ಲುತ್ತದೆ.

ಮಳೆಯ ಪ್ರಮಾಣ, ಬಿತ್ತಿದ ದಿನ, ತಳಿ, ಹಾಕಿದ ಗೊಬ್ಬರ, ಬಂದ ಇಳುವರಿ: ಈ ಐದನ್ನು ಪ್ರತಿ ರೈತ ಕುಟುಂಬವೂ ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಬರೆಯುವ ಹೊಣೆಯನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿದರೆ ಅವರಿಗೆ ಗಣಿತವೂ ಬರುತ್ತದೆ, ಹೊಲವೂ ತಿಳಿಯುತ್ತದೆ. ಮಾಪಕವಿಲ್ಲದವರು ತಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪನ ಕೇಂದ್ರದ ಅಂಕಿಗಳನ್ನು ಕೇಳಿ ಪಡೆಯಬಹುದು. ಆದರೆ ಪಕ್ಕದ ಊರಿನಲ್ಲಿ ಸುರಿದ ಮಳೆ ತಮ್ಮ ಹೊಲದಲ್ಲಿ ಸುರಿದಿರಲಿಕ್ಕಿಲ್ಲ ಎಂಬುದನ್ನು ಮರೆಯಬಾರದು. ಈ ಮುಂಗಾರಿನ ಮೊದಲ ಮಳೆಯಿಂದಲೇ ಬರೆಯಲಾರಂಭಿಸಿದರೆ, ಹತ್ತು ವರ್ಷದ ನಂತರ ಆ ಪುಸ್ತಕವು ಆ ಹೊಲದ ಬಗ್ಗೆ ಜಿಲ್ಲೆಯ ಸರಾಸರಿಗಿಂತ ಹೆಚ್ಚು ಹೇಳಬಲ್ಲದು.