ಮುಖಕ್ಕೆ ಪೀಲಿಂಗ್ ಮಾಡಿಸುವ ಮುನ್ನ



ಈಚೆಗೆ ಗುಡೇಕೋಟೆ ಕಡೆಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ಕೆನ್ನಿ ಮ್ಯಾಲೆ ಬಂಗು ಬಂದೈತ್ರೀ. ಪೀಲಿಂಗ್ ಮಾಡಿಸಿದ್ರ ಹೋಗ್ತೈತೇನ್ರೀ?" ಮದುವೆ ಗೊತ್ತಾದ ಹುಡುಗಿಯರಿಗಿಂತ ಅವರ ತಾಯಂದಿರಿಗೇ ಇದರ ಆತುರ ಹೆಚ್ಚು.

ಪೀಲಿಂಗ್ ಎಂದರೆ ಆಮ್ಲ ಹಚ್ಚಿ ಚರ್ಮದ ಮೇಲಿನ ತೆಳುಪದರ ಉದುರುವಂತೆ ಮಾಡುವುದು. ಚರ್ಮ ತಾನಾಗಿಯೇ ಸುಮಾರು ತಿಂಗಳಿಗೊಮ್ಮೆ ಈ ಪದರವನ್ನು ಬದಲಿಸುತ್ತದೆ. ಆಮ್ಲ ಅದನ್ನು ಬೇಗ ಮಾಡಿಸುತ್ತದೆ. ಮೊಡವೆಗೆ ಸಾಮಾನ್ಯವಾಗಿ ಸ್ಯಾಲಿಸಿಲಿಕ್ ಆಮ್ಲ, ಬಂಗಿಗೆ ಕಬ್ಬಿನಲ್ಲೂ ಇರುವ ಗ್ಲೈಕಾಲಿಕ್ ಆಮ್ಲ. ಕಬ್ಬಿನದು ಎಂದು ಹಗುರವಾಗಿ ತಿಳಿಯಬೇಡಿ. ಅದನ್ನು ಕೆಲವೇ ನಿಮಿಷ ಇಟ್ಟು, ಸೋಡಾ ಬೆರೆಸಿದ ನೀರಿನಿಂದ ಅದರ ಶಕ್ತಿ ಮುರಿಯಬೇಕು. ಹೊತ್ತು ಮೀರಿದರೆ ಚರ್ಮ ಸುಡುತ್ತದೆ. ನಮ್ಮ ಕಂದು ಚರ್ಮ ಸುಟ್ಟಲ್ಲಿ ಕಪ್ಪಾಗುತ್ತದೆ. ಆ ಕಪ್ಪು ತಿಂಗಳುಗಟ್ಟಲೆ ಹೋಗುವುದಿಲ್ಲ. ಆದ್ದರಿಂದ ಇದು ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಕೆಲಸವಲ್ಲ. ಮನೆಯಲ್ಲಿ ನಿಂಬೆಹುಳಿ ಉಜ್ಜಿಕೊಂಡು ಬಿಸಿಲಿಗೆ ಹೋಗುವುದಂತೂ ಬೇಡವೇ ಬೇಡ.

ಪೀಲಿಂಗ್ ಆದ ಮೇಲಿನ ಎಳೆಯ ಚರ್ಮ ಬಿಸಿಲು ತಡೆಯದು. ಶೇಂಗಾ ಕೀಳಲು ಹೊಲಕ್ಕೆ ಹೋಗಲೇಬೇಕಾದ ದಿನಗಳಲ್ಲಿ ಮಾಡಿಸಬೇಡಿ ಎಂದೇ ನಾನು ಹೇಳುವುದು. ಬಂಗು ಬರುವುದೂ ಬಹುಮಟ್ಟಿಗೆ ಬಿಸಿಲಿನಿಂದ, ಬಸಿರಿನಿಂದ, ಗರ್ಭನಿರೋಧಕ ಗುಳಿಗೆಯಿಂದ. ಒಮ್ಮೆ ತಿಳಿಯಾದರೂ ಮರಳಬಹುದು. ಮೊದಲು ಸೆರಗು, ಟೋಪಿ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ವೈದ್ಯರು ಬರೆದ ಮುಲಾಮು. ಇಷ್ಟರಿಂದ ಸಾಲದಿದ್ದರೆ ಪೀಲಿಂಗ್. ಅದೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹಲವು ಸಲ.

ನನಗೆ ಪೀಲಿಂಗ್‌ಗಿಂತ ಹೆಚ್ಚು ಭಯ ಹುಟ್ಟಿಸುವುದು ಬೆಳ್ಳಗಾಗಲೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬು. ಅವುಗಳಲ್ಲಿ ಎಷ್ಟೋ ಟ್ಯೂಬುಗಳಲ್ಲಿ ಬೀಟಾಮೆಥಸೋನ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ನರಗಳು ಕಂಡು, ಮೊಡವೆ, ಮೀಸೆಗೂದಲು ಬರುತ್ತವೆ. ಅಂಥ ಮುಖಕ್ಕೆ ಆಮ್ಲ ಸೋಕಿದರೆ ಗತಿಯೇನು? ಹಾಗೆಂದು ಮುಲಾಮನ್ನು ಒಮ್ಮೆಲೇ ಬಿಟ್ಟರೂ ಉರಿ, ಕೆಂಪು ಹೆಚ್ಚುತ್ತದೆ. ವೈದ್ಯರ ಮಾತಿನಂತೆ ಹಂತಹಂತವಾಗಿ ಬಿಡಬೇಕು.

ಬಸುರಿಯಾಗಿದ್ದರೆ, ತುಟಿಯ ಮೇಲೆ ಆಗಾಗ ಸರ್ಪಿನಂಥ ಗುಳ್ಳೆ ಏಳುತ್ತಿದ್ದರೆ, ಮೊಡವೆಗೆ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ. ಬರುವಾಗ ಮುಖಕ್ಕೆ ಹಚ್ಚುತ್ತಿರುವ ಟ್ಯೂಬು ತನ್ನಿ, ಖಾಲಿಯಾಗಿದ್ದರೂ ಸರಿ. ಯಾರೂ ಬೈಯುವುದಿಲ್ಲ.