ಮನೆಯಲ್ಲಿ ರೇಡಿಯೋ ತಂತ್ರಾಂಶ ಕಟ್ಟುವಾಗ

ನಿಮ್ಮ ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಮೂಕವಾದರೆ ಏನು ಮಾಡುತ್ತೀರಿ? ಮೊದಲು ಅದರ ನೆತ್ತಿಯ ಮೇಲೊಂದು ಏಟು ಕೊಡುತ್ತೀರಿ. ಅದಕ್ಕೂ ಬಗ್ಗದಿದ್ದರೆ ಪೇಟೆಯ ರಿಪೇರಿಯವರಲ್ಲಿಗೆ ಒಯ್ಯುತ್ತೀರಿ. ಈ ದಿನ ನಾನು ಹೇಳಹೊರಟಿರುವ ರೇಡಿಯೋ ಏಟಿಗೆ ಬಗ್ಗತಕ್ಕದ್ದಲ್ಲ. ಅದರ ಬಹುಪಾಲು ಇರುವುದು ಕಂಪ್ಯೂಟರಿನೊಳಗಿನ ಬರಹದಲ್ಲಿ.

ಹೆಬ್ಬೆರಳಿನ ಗಾತ್ರದ ಒಂದು ಕಡ್ಡಿ. ಕಂಪ್ಯೂಟರಿನಲ್ಲಿ ಟೆಲಿವಿಷನ್ ನೋಡಲೆಂದು ತಯಾರಾದದ್ದು. ಅದರೊಳಗಿನ ಆರ್‌ಟಿಎಲ್2832ಯು ಎಂಬ ಚಿಪ್ಪು, ಹಿಡಿದ ತರಂಗವನ್ನು ಬರೀ ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ದಾಟಿಸಬಲ್ಲದೆಂಬುದು 2012ರಲ್ಲಿ ಹವ್ಯಾಸಿಗಳಿಗೆಲ್ಲ ತಿಳಿಯಿತು. ಸೆಕೆಂಡಿಗೆ ಸುಮಾರು 24 ಲಕ್ಷ ಮಾದರಿಗಳು! ಅವುಗಳಿಂದ ನಿಲಯವನ್ನು ಆರಿಸಿ ಧ್ವನಿಯನ್ನು ಬೇರ್ಪಡಿಸುವುದು ತಂತ್ರಾಂಶದ ಕೆಲಸ. 2001ರಲ್ಲಿ ಎರಿಕ್ ಬ್ಲಾಸಮ್ ಅವರು ಆರಂಭಿಸಿದ ಗ್ನೂ ರೇಡಿಯೋ ಇಂಥ ಕೆಲಸಕ್ಕೆ ಹೆಸರಾದದ್ದು. ಇದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮನುಷ್ಯರು ಬರೆದ ಈ ಮೂಲವನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸಿಕೊಡುವ ದುಭಾಷಿಗೆ ಕಂಪೈಲರ್ ಎಂದು ಹೆಸರು.

ಸಿದ್ಧವಾಗಿ ಸಿಕ್ಕುವುದನ್ನು ನಾವೇ ಏಕೆ ಕಟ್ಟಬೇಕೆಂದು ನೀವು ಕೇಳಬಹುದು. ನಿಜ, ಸಿದ್ಧ ಪ್ಯಾಕೇಜಿನಿಂದ ಕೆಲಸ ನಡೆಯುವುದಾದರೆ ಈ ಗೋಜಿಗೆ ಹೋಗಲೇಬೇಡಿ. ಆದರೆ 2023ರಲ್ಲಿ ಬಂದ ವಿ4 ಎಂಬ ಕಡ್ಡಿಗೆ ಹಳೆಯ ಡ್ರೈವರ್ ಸಾಲದು. ಅದರದೇ ಹೊಸ ಡ್ರೈವರಿನ ಮೂಲವನ್ನು ತಂದು ಕಟ್ಟಿಕೊಳ್ಳಬೇಕಾಯಿತು. ನಾನು ಕೊಂಡದ್ದು ಅದನ್ನೇ.

ಕೊಂಡದ್ದು ನನ್ನ ಸೋದರಮಾವನವರಿಗಾಗಿ. ಮೈಸೂರಿನ ಸರಸ್ವತಿಪುರದಲ್ಲಿರುವ ಅವರಿಗೆ ಈಗ ಎಂಬತ್ತು ದಾಟಿದೆ. 1960ರ ದಶಕದಲ್ಲಿ ವಾಲ್ವ್ ಸೆಟ್ಟುಗಳನ್ನು ಬಿಚ್ಚಿ ಕೂಡಿಸಿದ ಕೈ ಅವರದು. ಅವರ ಸ್ವಂತ ಸೆಟ್ಟು ವಾಲ್ವೊಂದು ಸಿಕ್ಕದೆ ಎರಡು ವರ್ಷದಿಂದ ಬಾಯಿ ಮುಚ್ಚಿ ಕುಳಿತಿತ್ತು. ಶನಿವಾರ ಸಂಜೆಯೊಳಗೆ ರೇಡಿಯೋ ಹಾಡಿಸುತ್ತೇನೆಂದು ನಾನು ಮಾತು ಕೊಟ್ಟುಬಿಟ್ಟಿದ್ದೆ. ಶುಕ್ರವಾರ ರಾತ್ರಿ ಅವರ ಊಟದ ಮೇಜಿನ ಮೇಲೆ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರನ್ನಿಟ್ಟುಕೊಂಡು ಕುಳಿತೆ. ಡ್ರೈವರ್ ಒಂದೇ ಸಾಕಾಗಿತ್ತು. ನನ್ನ ಒಣಜಂಭಕ್ಕೆ ಗ್ನೂ ರೇಡಿಯೋವನ್ನೂ, ಹತ್ತು ವರ್ಷ ಹಿಂದೆ ಯಾರೋ ಬರೆದಿದ್ದ ಒಂದು ಪುಟ್ಟ ರಿಸೀವರ್ ತಂತ್ರಾಂಶವನ್ನೂ ಮೂಲದಿಂದಲೇ ಕಟ್ಟುವೆನೆಂದು ಹೊರಟೆ.

ಪುಟ್ಟ ತಂತ್ರಾಂಶದಿಂದಲೇ ಆರಂಭ. ಪರದೆಯ ತುಂಬ ಕೆಂಪು ಅಕ್ಷರ ಹರಿದು ನಿಂತಿತು. ನಾನು ಕೊನೆಯ ಸಾಲನ್ನು ಓದಿದೆ, ಅದರ ಮೇಲಿನದನ್ನು ಓದಿದೆ, ತಲೆ ಕೆರೆದುಕೊಂಡೆ. ಹಿಂದೆ ನಿಂತಿದ್ದ ಮಾವ ಕೇಳಿದರು: “ಏನಯ್ಯಾ, ಬಾಲದಿಂದ ಓದ್ತಾ ಇದ್ದೀಯಲ್ಲ? ಸೆಟ್ಟು ಕೆಟ್ಟಾಗ ಸದ್ದು ಮೊದಲು ಎಲ್ಲಿ ಸತ್ತಿತು ಅಂತ ನಾವು ನೋಡ್ತಿದ್ವಿ. ಅಲ್ಲಿಂದಾಚೆಗೆ ಎಲ್ಲಾ ಸತ್ತೇ ಇರುತ್ತೆ. ಅದನ್ನ ಎಣಿಸಿ ಏನು ಬಂತು?”

ಮಾವನವರಿಗೆ ಕಂಪೈಲರ್ ಎಂದರೇನೆಂದು ಗೊತ್ತಿಲ್ಲ. ಆದರೂ ಇದಕ್ಕಿಂತ ಒಳ್ಳೆಯ ಸಲಹೆಯನ್ನು ಬಲ್ಲವರಿಂದಲೂ ನಾನು ಕೇಳಿಲ್ಲ. ಕೊನೆಯ ಸಾಲು ‘ಕೆಲಸ ನಿಂತಿತು’ ಎಂದಷ್ಟೇ ಹೇಳುತ್ತದೆ. ಏಕೆ ನಿಂತಿತೆಂಬುದು ಎಷ್ಟೋ ಮೇಲಿನ ಮೊದಲ ದೋಷದಲ್ಲಿ ಇರುತ್ತದೆ. ನಾಲ್ಕು ಕೆಲಸಗಳನ್ನು ಒಟ್ಟಿಗೆ ನಡೆಸಿದಾಗಲಂತೂ ನಾಲ್ಕರ ಮಾತೂ ಕಲಸಿಹೋಗುತ್ತದೆ. ಆಗ ಒಂದೊಂದೇ ಕೆಲಸವಾಗಿ ಮತ್ತೆ ನಡೆಸಿ ನೋಡಬೇಕು.

ಹಾಗೆ ನೋಡಿದಾಗ ಸಿಕ್ಕ ಮೊದಲ ದೋಷ ಇದು: ‘ಯು-ಇಂಟ್-8’ ಎಂಬುದು ಏನೆಂದು ನನಗೆ ತಿಳಿಯದು ಎನ್ನುತ್ತಿತ್ತು ಕಂಪೈಲರ್. ಹತ್ತು ವರ್ಷ ತಿಳಿದಿದ್ದದ್ದು ಈಗ ಹೇಗೆ ಮರೆಯಿತು? ವಠಾರದಲ್ಲಿ ಪಕ್ಕದ ಮನೆಯ ರೇಡಿಯೋದಿಂದಲೇ ದಿನವೂ ವಾರ್ತೆ ಕೇಳುತ್ತಿದ್ದವರನ್ನು ನೆನೆಸಿಕೊಳ್ಳಿ. ಪಕ್ಕದವರು ಮನೆ ಬದಲಿಸಿದ ದಿನ ಇವರಿಗೆ ಲೋಕದ ಸುದ್ದಿಯೇ ಇಲ್ಲ. ಇಲ್ಲಿಯೂ ಹಾಗೆಯೇ. ಆ ಹೆಸರಿನ ವಿವರಣೆ ಇರುವ ಹೆಡರ್ ಫೈಲನ್ನು ಮೂಲ ಬರೆದವರು ತಾವಾಗಿ ಕೇಳಿರಲಿಲ್ಲ. ಬೇರೊಂದು ಹೆಡರಿನ ಜೊತೆಯಲ್ಲಿ ಅದು ತಾನಾಗಿ ಬರುತ್ತಿತ್ತು. 2023ರಲ್ಲಿ ಬಂದ ಜಿಸಿಸಿ ಕಂಪೈಲರಿನ 13ನೆಯ ಆವೃತ್ತಿಯಲ್ಲಿ ಆ ನೆರೆಹೊರೆ ತಪ್ಪಿತು. ಸಿ-ಎಸ್‌ಟಿಡಿ-ಇಂಟ್ ಎಂಬ ಹೆಡರನ್ನು ಕೇಳುವ ಒಂದೇ ಸಾಲನ್ನು ಸೇರಿಸಿದೆ. ಇನ್ನೂರು ದೋಷಗಳು ಒಮ್ಮೆಲೇ ಮಾಯವಾದವು.

ಡ್ರೈವರಿನದು ಸಣ್ಣ ತಕರಾರು. ಯುಎಸ್‌ಬಿ ಲೈಬ್ರರಿ ಇಲ್ಲವೆಂದಿತು. ಲೈಬ್ರರಿ ಇತ್ತು, ಕಟ್ಟುವವರಿಗೆ ಬೇಕಾದ ಹೆಡರುಗಳಿರಲಿಲ್ಲ. ಡೆಬಿಯನ್ ಬಳಗದಲ್ಲಿ ಅವು ‘ಡೆವ್’ ಎಂದು ಕೊನೆಯಾಗುವ ಬೇರೆ ಪ್ಯಾಕೇಜಿನಲ್ಲಿರುತ್ತವೆ. ಇಂಥದನ್ನು ಹಾಕಿದ ಮೇಲೂ ಸಿ-ಮೇಕ್ ಹಳೆಯ ಮಾತನ್ನೇ ಹಿಡಿದು ಹಟ ಮಾಡಿದರೆ, ಬಿಲ್ಡ್ ಎಂಬ ಕೋಶವನ್ನೇ ಅಳಿಸಿ ಹೊಸದಾಗಿ ಆರಂಭಿಸಿ. ಅದು ತನ್ನ ಹಿಂದಿನ ಉತ್ತರಗಳನ್ನು ಬರೆದಿಟ್ಟುಕೊಂಡಿರುತ್ತದೆ.

ಗ್ನೂ ರೇಡಿಯೋದ ಸರದಿ ಬಂದಾಗ ರಾತ್ರಿ ಹನ್ನೊಂದು. ಕಟ್ಟುವ ಮೊದಲು ಸಿ-ಮೇಕ್ ಯಾವ ಭಾಗಗಳನ್ನು ಸೇರಿಸಿದೆ, ಯಾವುದನ್ನು ಬಿಟ್ಟಿದೆ ಎಂದು ಪಟ್ಟಿ ಕೊಡುತ್ತದೆ. ಈ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ. ಕ್ಯೂಟಿ ಸಿಕ್ಕದಿದ್ದರೆ ಚಿತ್ರ ತೋರಿಸುವ ಭಾಗವನ್ನು ಅದು ಜಗಳವಾಡದೆ ಕೈಬಿಡುತ್ತದೆ. ನಿಮಗೆ ಗೊತ್ತಾಗುವುದು ಗಂಟೆಗಟ್ಟಲೆ ಕಾದ ಮೇಲೆ. ಪಟ್ಟಿ ಸರಿಯಾಗಿತ್ತು. ನಾಲ್ಕು ಕೆಲಸ ಒಟ್ಟಿಗೆ ನಡೆಯಲೆಂದು ಹೇಳಿ ನಾನು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ‘ಕಿಲ್ಡ್’ ಎಂಬ ಮಾತು. ಮೂಲದಲ್ಲಿ ತಪ್ಪಿರಲಿಲ್ಲ, ಕಂಪೈಲರಿನಲ್ಲೂ ಇರಲಿಲ್ಲ, ತಪ್ಪು ನನ್ನದು. ಯಂತ್ರದ ಮೆಮರಿ 2 ಗಿಗಾಬೈಟು. ಇದರಲ್ಲಿನ ಕೆಲವು ಕಡತಗಳು ಒಂದೊಂದೇ 1 ಗಿಗಾಬೈಟಿನಷ್ಟು ಬೇಡುವುದುಂಟು. ನಾಲ್ಕು ಮಂದಿ ಒಟ್ಟಿಗೆ ಉಣ್ಣಲು ಕುಳಿತಾಗ ಅನ್ನ ಸಾಲದೆ, ಲಿನಕ್ಸ್ ಒಬ್ಬನನ್ನು ಕತ್ತು ಹಿಡಿದು ಎಬ್ಬಿಸಿತ್ತು. ಒಂದೇ ಕೆಲಸವಾಗಿ ನಡೆಸಿ, ಸ್ವಾಪ್ ಜಾಗವನ್ನೂ ಹೆಚ್ಚಿಸಿದೆ. ಮಧ್ಯಾಹ್ನ ಕಳೆದ ಮೇಲೆ ಮುಗಿಯಿತು.

ಎಲ್ಲವೂ ಕಟ್ಟಿತು, ಒಂದು ದೋಷವೂ ಇಲ್ಲ. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಹಿಡಿದೆ. ಬರೀ ಬುಸುಗುಟ್ಟುವ ಸದ್ದು. ಕೆಂಪಕ್ಷರಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಓದಲು ಏನೂ ಇಲ್ಲ. ಎಲ್‌ಡಿಡಿ ಎಂಬ ಆಜ್ಞೆ ಕೊಟ್ಟು, ತಂತ್ರಾಂಶ ಯಾವ ಲೈಬ್ರರಿಯನ್ನು ಹಿಡಿದುಕೊಂಡಿದೆಯೆಂದು ಕೇಳಿದೆ. ಪ್ಯಾಕೇಜಿನಿಂದ ಎಂದೋ ಬಂದಿದ್ದ ಹಳೆಯ ಡ್ರೈವರ್ ಇನ್ನೂ ಅಲ್ಲೇ ಇತ್ತು; ನಾನು ಕಟ್ಟಿದ ಹೊಸದನ್ನು ಯಾರೂ ಕೇಳಿರಲೇ ಇಲ್ಲ. ಹಳೆಯದನ್ನು ತೆಗೆದುಹಾಕಿ, ಎಲ್‌ಡಿಕಾನ್‌ಫಿಗ್ ನಡೆಸಿ ಹೊಸದರ ವಿಳಾಸವನ್ನು ನಮೂದಿಸಿದೆ.

ಆಮೇಲೆ ನಿಲಯ ಬಂತು, ಮಾತು ಸ್ಪಷ್ಟವಾಗಿತ್ತು. ಮಾವ ಕುರ್ಚಿ ಎಳೆದುಕೊಂಡು ಕುಳಿತರು. ಪರದೆಯ ಮೇಲೆ ಹರಿಯುತ್ತಿದ್ದ ಬಣ್ಣದ ಚಿತ್ರವನ್ನು ನಾನು ವಿವರಿಸಹೊರಟರೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು.

ಪುಟ್ಟ ತಂತ್ರಾಂಶಕ್ಕೆ ಸೇರಿಸಿದ ಆ ಒಂದು ಸಾಲನ್ನು ಮಾರನೆಯ ದಿನ ಮೂಲ ಬರೆದವರಿಗೆ ಕಳುಹಿಸಿದೆ. ಕಂಪೈಲರಿನ ಆವೃತ್ತಿ, ಯಂತ್ರದ ವಿವರ, ಮೊದಲ ದೋಷದ ಹತ್ತು ಸಾಲು, ಇಷ್ಟನ್ನು ಜೊತೆಗಿಟ್ಟೆ. ಅವರು ಅದನ್ನು ಕೈಬಿಟ್ಟಿದ್ದರೆ ಮುಂದೆ ಕಟ್ಟುವವರಿಗೂ ಅದೇ ಇನ್ನೂರು ದೋಷ ಕಾದಿರುತ್ತದೆ. ಉತ್ತರ ಇನ್ನೂ ಬಂದಿಲ್ಲ.